ಕೇಳಿ, ಹೇಳ್ತೀನಿ: ಗೋಡೆ ಮೇಲೊಂದು ಹಳೇ ಟಾಕೀಸ್ ಬೋರ್ಡು

ಹೋದ ಸಂಚಿಕೆಯಲ್ಲಿ ನಮ್ಮನೆ ಹಾಲ್‌ನ ಒಂದು ಫೋಟೋ ಹಾಕಿದ್ದೆ, ವಿಷಯ ಪುಸ್ತಕದ ಶೆಲ್ಫು. ಆದ್ರೆ ಶೆಲ್ಫ್ ಬಗ್ಗೆ ಒಬ್ರೂ ಕೇಳಿಲ್ಲ, ಹಿಂದುಗಡೆ ಗೋಡೆ ಮೇಲೆ ಅರ್ಧ ಕಾಣ್ತಿದ್ದ ಸಿನಿಮಾ ಬೋರ್ಡ್ ಮೇಲೇ ಎಲ್ಲರ ಕಣ್ಣು. ಆಯ್ತು, ಈ ಸಲ ಪೂರ್ತಿ ಅದೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಹೆಸರು ಹಾಕಿಲ್ಲ, ನಿಮ್ಮ ಪ್ರಶ್ನೆ ನಿಮಗೆ ಗೊತ್ತಾಗತ್ತೆ ಬಿಡಿ.

ಪ್ರಶ್ನೆ: ಸರ್, ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಮೂರು ಸಾಲು, ಒಳಗಿಂದ ಬೆಳಕು. ಹಳೇ ಥಿಯೇಟರ್ ಬಾಗಿಲ ಮೇಲೆ ಇರತ್ತಲ್ಲ, ಆ ಥರದ್ದು ಮಾಡ್ಬೇಕು. ಮರದ ಕೆಲಸ ಅಲ್ಪಸ್ವಲ್ಪ ಬರತ್ತೆ, ಕರೆಂಟ್ ಕೆಲಸ ಸೊನ್ನೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಎಲ್ಲರೂ ಅಕ್ಷರದಿಂದ ಶುರು ಮಾಡ್ತಾರೆ, ಯಾವ ಫಾಂಟು, ಯಾವ ಬಣ್ಣ ಅಂತ. ನೀವು ಬೆಳಕಿಂದ ಶುರು ಮಾಡಿ. ಬೆಳಕು ಸರಿಯಾಗಿ ಬಂದ್ರೆ ಅಕ್ಷರ ಸ್ವಲ್ಪ ಸೊಟ್ಟ ಇದ್ರೂ ನಡೆಯತ್ತೆ, ಬೆಳಕು ಕೆಟ್ರೆ ಎಷ್ಟು ಚೆಂದದ ಅಕ್ಷರ ಇದ್ರೂ ಮೆಡಿಕಲ್ ಶಾಪ್ ಬೋರ್ಡ್ ಥರ ಕಾಣತ್ತೆ. ನಾನು ಮೊದಲು ಮಾಡಿದ್ದು ಹಾಗೇ ಆಗಿತ್ತು, ಬಿಳಿ ಅಂದ್ರೆ ಬಿಳಿ ಅಂತ 6500 ಕೆಲ್ವಿನ್‌ನ ಎಲ್‌ಇಡಿ ಸ್ಟ್ರಿಪ್ (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ) ತಂದು ಅಂಟಿಸಿದೆ, ಸ್ವಿಚ್ ಹಾಕಿದ ತಕ್ಷಣ ಮನೆಯವರು "ಮಾತ್ರೆ ಇದೆಯಾ" ಅಂತ ಕೇಳಿದ್ರು. ಹಳೇ ತಂತಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಳದಿ ಕಡೆಗೆ ವಾಲಿರತ್ತೆ. ಬೋರ್ಡ್ ಹಳೇದು ಅನ್ನಿಸೋಕೆ ಮುಖ್ಯ ಕಾರಣ ಅದೇ. ಡಬ್ಬಿ ಮೇಲೆ ವಾರ್ಮ್ ವೈಟ್ ಅಂತ ಬರೆದಿದ್ರೆ ಸಾಲ್ದು, 2700 ಅಂತ ಅಂಕಿ ಇದೆಯಾ ನೋಡಿ ತಗೊಳ್ಳಿ.

ಈಗ ಪೆಟ್ಟಿಗೆ. ಮೊದಲ ಸಲಕ್ಕೆ 60 ಸೆಂಟಿಮೀಟರ್ ಅಗಲ, 30 ಎತ್ತರ, ಒಳಗೆ 8 ಸೆಂಟಿಮೀಟರ್ ಆಳ, ಇಷ್ಟು ಸಾಕು. ಪಕ್ಕಕ್ಕೆ 12 ಎಂಎಂ ಪ್ಲೈವುಡ್, ಹಿಂದಕ್ಕೆ 6 ಎಂಎಂ, ಮುಂದೆ ಹಾಲು ಬಣ್ಣದ 3 ಎಂಎಂ ಅಕ್ರಿಲಿಕ್, ಅಂದ್ರೆ ಗಾಜಿನ ಥರದ ಪ್ಲಾಸ್ಟಿಕ್ ಶೀಟು. ಆಳ ಯಾಕೆ 8 ಅಂದ್ರೆ, ಒಳಗಿನ ಎಲ್‌ಇಡಿ ಸಾಲು ಸಾಲಿನ ಮಧ್ಯೆ ಎಷ್ಟು ಅಂತರ ಇರತ್ತೋ ಕನಿಷ್ಠ ಅಷ್ಟಾದ್ರೂ ದೂರ ಎಲ್‌ಇಡಿಗೂ ಅಕ್ರಿಲಿಕ್‌ಗೂ ಇರ್ಬೇಕು, ಇಲ್ಲಾಂದ್ರೆ ಬೆಳಕು ಹರಡೋ ಮುಂಚೆನೇ ಶೀಟ್‌ಗೆ ಬಡಿಯತ್ತೆ, ಹೊರಗಿಂದ ನೋಡಿದ್ರೆ ರಂಗೋಲಿ ಚುಕ್ಕಿ ಇಟ್ಟ ಹಾಗೆ ಚುಕ್ಕಿ ಚುಕ್ಕಿ. ಸಾಲುಗಳನ್ನ 6 ಸೆಂಟಿಮೀಟರ್‌ಗೆ ಒಂದರಂತೆ ಹಾಕಿದ್ರೆ 30ರ ಎತ್ತರಕ್ಕೆ 5 ಸಾಲು, 8ರ ಆಳದಲ್ಲಿ ಚುಕ್ಕಿ ಕಾಣಲ್ಲ. ಒಳಗಡೆ ಎಲ್ಲಾ ಮೂಲೆನೂ ಬಿಡದೆ ಮ್ಯಾಟ್ ಬಿಳಿ ಪೇಂಟ್ ಹೊಡೀರಿ. ಮರದ ಬಣ್ಣ ಹಾಗೇ ಬಿಟ್ರೆ ಅದು ಬೆಳಕನ್ನ ಕುಡಿದುಬಿಡತ್ತೆ, ಅಂಚು ಮಂಕಾಗಿ ನಡು ಮಾತ್ರ ಹೊಳೆಯತ್ತೆ.

ಕರೆಂಟ್ ಕೆಲಸ ಬರಲ್ಲ ಅಂದ್ರಲ್ಲ, ಅದಕ್ಕೇ 12 ವೋಲ್ಟ್ ಸ್ಟ್ರಿಪ್ ಹೇಳ್ತಿರೋದು, ಪೆಟ್ಟಿಗೆ ಒಳಗೆ ಮುಟ್ಟಿದ್ರೆ ಶಾಕ್ ಹೊಡೆಯೋ ಅಂಥದ್ದು ಏನೂ ಇರಲ್ಲ, ಮೇನ್ಸ್ ಕರೆಂಟ್ ಅಡಾಪ್ಟರ್ ಹತ್ರಾನೇ ನಿಂತುಹೋಗತ್ತೆ. ಮೀಟರ್‌ಗೆ 60 ಎಲ್‌ಇಡಿ ಇರೋ ಮಾಮೂಲಿ ಸ್ಟ್ರಿಪ್, ಮೀಟರ್‌ಗೆ 4.8 ವ್ಯಾಟ್ ತಗೊಳ್ಳೋದು. ಪ್ರತಿ 3 ಎಲ್‌ಇಡಿಗೆ ಅಂದ್ರೆ 5 ಸೆಂಟಿಮೀಟರ್‌ಗೆ ಒಂದು ಕತ್ತರಿ ಗುರುತು ಇರತ್ತೆ, ಅಲ್ಲಿ ಬಿಟ್ಟು ಬೇರೆಲ್ಲೂ ಕತ್ತರಿಸ್ಬೇಡಿ, ಬೇರೆ ಕಡೆ ಕತ್ತರಿಸಿದ್ರೆ ಆ 3 ಬಲ್ಬಿನ ಗುಂಪು ಹತ್ತಲ್ಲ. 55 ಸೆಂಟಿಮೀಟರ್‌ದು 5 ತುಂಡು, ಒಟ್ಟು 2.75 ಮೀಟರ್, ಲೆಕ್ಕ ಹಾಕಿದ್ರೆ 13.2 ವ್ಯಾಟ್, 12ರಿಂದ ಭಾಗಿಸಿದ್ರೆ 1.1 ಆಂಪಿಯರ್. ಅಡಾಪ್ಟರ್ 2 ಆಂಪಿಯರ್‌ದು ತಗೊಳ್ಳಿ, ಕುತ್ತಿಗೆವರೆಗೂ ದುಡಿಸಿದ್ರೆ ಅಡಾಪ್ಟರ್ ಬಿಸಿಯಾಗಿ ಬೇಗ ಸಾಯತ್ತೆ. ಸಾಲು ತಿರುಗೋ ಕಡೆ ಸ್ಟ್ರಿಪ್ಪನ್ನ ಮಡಚ್ಬೇಡಿ, ಒಳಗಿನ ತಾಮ್ರದ ಹಾಳೆ ಸೀಳತ್ತೆ. ತುಂಡು ಮಾಡಿ ವೈರ್ ಬೆಸುಗೆ ಹಾಕಿ, ಬೆಸುಗೆ ಬರಲ್ಲ ಅಂದ್ರೆ ಕಚ್ಚಿಸೋ ಕ್ಲಿಪ್ ಸಿಗತ್ತೆ. ಪ್ಲಸ್ಸಿಗೆ ಪ್ಲಸ್, ಮೈನಸ್‌ಗೆ ಮೈನಸ್, ಉಲ್ಟಾ ಆದ್ರೆ ಹತ್ತಲ್ಲ ಅಷ್ಟೇ.

ಅಂಟಿಸೋ ಮುಂಚೆ ಎಲ್ಲಾ ಜೋಡಿಸಿ ಒಂದು ರಾತ್ರಿ ಹಾಗೇ ಉರಿಸಿ ನೋಡಿ. ಇದನ್ನ ಯಾರೂ ಮಾಡಲ್ಲ, ಆಮೇಲೆ ಪೆಟ್ಟಿಗೆ ಮುಚ್ಚಿದ ಮೇಲೆ ಒಂದು ಸಾಲು ಮಿಣಕ್ ಮಿಣಕ್ ಅನ್ನೋಕೆ ಶುರುವಾಗತ್ತೆ.

ಅಕ್ರಿಲಿಕ್ ಬಗ್ಗೆ ಎರಡೇ ಮಾತು. ಅದರ ಮೇಲಿನ ರಕ್ಷಣೆ ಹಾಳೆಯನ್ನ ಕೊನೇವರೆಗೂ ಕೀಳ್ಬೇಡಿ. ಇನ್ನೊಂದು, ಅದು ಬಿಸಿಗೆ ಹಿಗ್ಗತ್ತೆ, 20 ಡಿಗ್ರಿ ಏರಿದ್ರೆ 60 ಸೆಂಟಿಮೀಟರ್ ಶೀಟು ಮುಕ್ಕಾಲು ಮಿಲಿಮೀಟರ್‌ಗಿಂತ ಜಾಸ್ತಿನೇ ಉದ್ದ ಆಗತ್ತೆ, ಬಿಗಿಯಾಗಿ ಕೂರಿಸಿದ್ರೆ ಹೊಟ್ಟೆ ಉಬ್ಬಿಸತ್ತೆ ಇಲ್ಲಾ ಸ್ಕ್ರೂ ಹತ್ರ ಬಿರುಕು ಬಿಡತ್ತೆ. ಸುತ್ತ 2 ಎಂಎಂ ಜಾಗ ಬಿಡಿ, ತೂತು ಹಾಕಿದ್ರೆ ಸ್ಕ್ರೂಗಿಂತ ದೊಡ್ಡದು ಹಾಕಿ. ನನ್ನ ಕೇಳಿದ್ರೆ ಸ್ಕ್ರೂನೇ ಬೇಡ, ಪೆಟ್ಟಿಗೆ ಅಂಚಲ್ಲಿ ತೋಡು ಕೊರೆದು ಮೇಲಿಂದ ಜಾರಿಸೋ ಹಾಗೆ ಮಾಡಿ, ನಾಳೆ ಸ್ಟ್ರಿಪ್ ಹೋದ್ರೆ ಶೀಟ್ ಎಳೆದು ಕೈ ಹಾಕ್ಬೋದು.

ಅಕ್ಷರ ಕೂರೋಕೆ ಸಾಲಿಗೆ ಎರಡು ಕಂಬಿ ಬೇಕು, ಮೇಲೊಂದು ಕೆಳಗೊಂದು. ಪಾರದರ್ಶಕ ಅಕ್ರಿಲಿಕ್‌ನ ಸಣ್ಣ ಪಟ್ಟಿಗಳನ್ನ ಒಂದರ ಮೇಲೊಂದು ಅಂಟಿಸಿದ್ರೆ ತೋಡು ತಾನಾಗೇ ಬರತ್ತೆ, ಬೆಳಕಿಗೂ ಅಡ್ಡ ಬರಲ್ಲ. ವೈರಿಂಗ್‌ಗೆ ಹಾಕೋ ಪಿವಿಸಿ ಪಟ್ಟಿ ಬಳಸ್ಬೋದು, ಆದ್ರೆ ದಪ್ಪ ಗೆರೆ ಕಾಣತ್ತೆ, ಕೆಲವರಿಗೆ ಅದೇ ಇಷ್ಟ. ಅಕ್ಷರಗಳನ್ನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೇಲೆ ಪ್ರಿಂಟ್ ತೆಗೆಸಿದ್ರೆ ಹಿಂದಿಂದ ಬೆಳಕು ಬಿದ್ದಾಗ ಕಪ್ಪು ಬೂದಿ ಆಗಿ ಕಾಣತ್ತೆ, ಎರಡು ಪ್ರಿಂಟ್ ಒಂದರ ಮೇಲೊಂದು ಇಡ್ಬೇಕಾಗತ್ತೆ. ಅದಕ್ಕಿಂತ ಕಪ್ಪು ವಿನೈಲ್ ಸ್ಟಿಕ್ಕರ್ ಕಟ್ ಮಾಡಿ ಪಾರದರ್ಶಕ ಶೀಟ್ ಮೇಲೆ ಅಂಟಿಸೋದು ಮೇಲು, ಬೆಳಕು ತೂರಲ್ಲ.

ಪ್ರಶ್ನೆ: ರೆಡಿಮೇಡ್ ಲೈಟ್ ಬಾಕ್ಸ್ ತಂದೆ, ಎಲ್ಲಾ ಇಂಗ್ಲಿಷ್ ಅಕ್ಷರ. ಕನ್ನಡದ ಅಕ್ಷರ ನಾನೇ ಕಟ್ ಮಾಡ್ಕೊಂಡು ಜೋಡಿಸೋಣ ಅಂದ್ರೆ ಎಷ್ಟು ಅಕ್ಷರ ಬೇಕಾಗತ್ತೆ ಸರ್?

ಉತ್ತರ: ಇದೇ ಪ್ರಶ್ನೆಗೆ ನಾನು ಒಂದು ತಿಂಗಳು ಕಳೆದಿದೀನಿ. ಇಂಗ್ಲಿಷ್‌ಗೆ 26 ಅಕ್ಷರ, ಒಂದೊಂದು ಅಕ್ಷರದ ನಾಲ್ಕೈದು ಪ್ರತಿ ಇದ್ರೆ ಆಟ ಮುಗೀತು. ನಮಗೆ ವರ್ಣಮಾಲೆ 49, ಸರಿ ಅಂತ 49 ಕಟ್ ಮಾಡಿದೆ ಅಂದ್ಕೊಳ್ಳಿ, ಕಾಗುಣಿತಕ್ಕೆ ಏನ್ ಮಾಡ್ತೀರಿ, ಕ ಇದೆ ಕಿ ಇಲ್ಲ, ಕಿ ಮಾಡಿದ್ರೆ ಕೊ ಇಲ್ಲ, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ಗುಣಿತದ ಚಿಹ್ನೆಗಳನ್ನ ಬೇರೆ ಬೇರೆ ತುಂಡು ಮಾಡಿ ಅಂಟಿಸೋಣ ಅಂತಾನೂ ನೋಡಿದೆ, ತಲೆಕಟ್ಟು ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಜೋಡಿಸಿದ ಮೇಲೆ ಮಧ್ಯದಲ್ಲಿ ಬೆಳಕಿನ ಗೆರೆ ಹಲ್ಲು ಬಿದ್ದ ಬಾಯಿ ಥರ.

ಕೊನೆಗೆ ಒಪ್ಪಿಗೆಯಾಗಿದ್ದು ಪದಕ್ಕೊಂದು ಪಟ್ಟಿ. 'ಇಂದು', 'ನಾಳೆ', 'ಸಿನಿಮಾ', 'ಹೌಸ್‌ಫುಲ್', 'ರಜೆ', 'ಸಂಜೆ', ಮನೆಯವರ ಹೆಸರುಗಳು, 0ಯಿಂದ 9ರವರೆಗೆ ಅಂಕಿ. ಒಂದು ಮೂವತ್ತು ಪದ ಇದ್ರೆ ವರ್ಷಗಟ್ಲೆ ಬದಲಾಯಿಸ್ತಾ ಇರ್ಬೋದು. ಸಾಲಿನ ಎತ್ತರ ಇಂಗ್ಲಿಷ್ ಲೆಕ್ಕದಲ್ಲಿ ಇಡ್ಬೇಡಿ, ಪೆಟ್ಟಿಗೆಯಲ್ಲಿ ಬರೋ ಕಂಬಿ ಅಂತರಕ್ಕೆ 'ಚಿತ್ರಮಂದಿರ' ಬರೆದು ನೋಡಿ, ಚಿ ಮೇಲಿನ ಗುಡಿಸು ಒಂದು ಕಂಬಿಗೆ ತಾಗತ್ತೆ, ತ್ರ ಕೆಳಗಿನ ಒತ್ತು ಇನ್ನೊಂದಕ್ಕೆ. ಮೂಲ ಅಕ್ಷರದ ಎತ್ತರ ಪಟ್ಟಿಯ ಅರ್ಧ ಇಟ್ಕೊಂಡು ಒತ್ತಿಗೆ ಅಂತ ಕೆಳಗೆ ಮೂರನೇ ಒಂದು ಭಾಗ ಬಿಟ್ರೆ ಉಸಿರಾಡತ್ತೆ. ಒತ್ತೇ ಇಲ್ಲದ ಪದ ಆರಿಸ್ಕೊಂಡ್ರೆ ಇನ್ನೂ ಸುಲಭ, 'ಸಿನಿಮಾ' ಅನ್ನೋ ಪದ ಈ ಕೆಲಸಕ್ಕೇ ಹುಟ್ಟಿದ ಹಾಗಿದೆ.

ಹಟ ಹಿಡಿದು ಬಿಡಿ ಅಕ್ಷರಾನೇ ಬೇಕು ಅನ್ನೋರಿಗೆ ಒಂದು ಚಿಕ್ಕ ಉಪಾಯ, ದ ಕೆಳಗೆ ಒಂದು ಸಣ್ಣ ಗೆರೆ ಅಂಟಿಸಿದ್ರೆ ಧ, ಪ ಕೆಳಗೆ ಅಂಟಿಸಿದ್ರೆ ಫ. ಇಂಗ್ಲಿಷ್ ಬೋರ್ಡ್ ಬದಲಾಯಿಸೋರು ಅಕ್ಷರ ಸಾಲದೆ ಹೋದಾಗ ಎಂ ತಲೆಕೆಳಗು ಮಾಡಿ ಡಬ್ಲ್ಯೂ ಅಂತ ಹಾಕ್ತಾರೆ, ಇದು ಅದರ ದಾಯಾದಿ.

ತಗಡು ಇಲ್ಲಾ ಪ್ಲೈ ಕೊರೆದು ಅಕ್ಷರದ ಆಕಾರದಲ್ಲಿ ಬೆಳಕು ಬರ್ಬೇಕು ಅಂತ ಇಬ್ಬರು ಕೇಳಿದೀರಿ. ಕೊರೆಯೋ ಮುಂಚೆ ಒಳಗೆ ಮುಚ್ಚಿಕೊಂಡಿರೋ ಜಾಗ ಎಲ್ಲೆಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ರ ಒಳಗೆ ಒಂದು, ಠ ಒಳಗೆ ಒಂದು, ಸೊನ್ನೆ ಒಳಗೆ ಒಂದು. ಅದಕ್ಕೆ ಸೇತುವೆ ಬಿಡದೆ ಕೊರೆದ್ರೆ ನಡುವಿನ ತುಂಡು ಕೆಳಗೆ ಬೀಳತ್ತೆ, 'ಮಂದಿರ' ಅಂತ ಬರೆದಿದ್ದು ಎರಡು ಗುಂಡಿ ಥರ ಕಾಣತ್ತೆ. ಎರಡು ಕಡೆ 3-4 ಎಂಎಂ ಸೇತುವೆ ಬಿಟ್ರೆ ಸಾಕು, ದೂರಕ್ಕೆ ಗೊತ್ತಾಗಲ್ಲ.

ಪ್ರಶ್ನೆ: ಬಾಗಿಲ ಪಕ್ಕ ಉದ್ದಕ್ಕೆ ಕಿರಿದಾದ ಜಾಗ ಇದೆ. ಅಕ್ಷರ ಒಂದರ ಕೆಳಗೊಂದು ಬರೋ ಬೋರ್ಡ್ ಆಗತ್ತಾ?

ಉತ್ತರ: ಧಾರಾಳವಾಗಿ. ಅದೂ ಅಪ್ಪಟ ಥಿಯೇಟರ್ ಶೈಲಿನೇ, 1921ರಲ್ಲಿ ಶುರುವಾದ ಶಿಕಾಗೋ ಥಿಯೇಟರ್‌ನ ನಿಂತ ಬೋರ್ಡು ಹೆಚ್ಚು ಕಡಿಮೆ ಆರು ಮಹಡಿ ಎತ್ತರ ಇದೆ, ಇಂಗ್ಲಿಷ್‌ನಲ್ಲಿ ಊರಿನ ಹೆಸರು ಮೇಲಿಂದ ಕೆಳಕ್ಕೆ. ಕನ್ನಡದಲ್ಲಿ ಒತ್ತಿರೋ ಅಕ್ಷರ ಒಂದೇ ಇದ್ರೂ ಅದರ ಕೆಳಗೆ ಜಾಗ ಜಾಸ್ತಿ ಬಿಡಿ, ಇಲ್ಲಾಂದ್ರೆ ಒತ್ತು ಕೆಳಗಿನ ಅಕ್ಷರದ ತಲೆ ಮೇಲೆ ಕೂತ ಹಾಗೆ ಕಾಣತ್ತೆ. ನಾಲ್ಕೈದು ಅಕ್ಷರ ಮೀರ್ಬೇಡಿ.

ಪ್ರಶ್ನೆ: ಬೋರ್ಡ್ ಸುತ್ತ ಬಲ್ಬು ಓಡೋ ಥರ ಬೇಕು. ರೆಡಿಮೇಡ್ ಸೀರಿಯಲ್ ಸೆಟ್ ಸುತ್ತಿದೆ, ಓಡ್ತಿಲ್ಲ, ಸುಮ್ನೆ ಮಿನುಗತ್ತೆ, ಹಬ್ಬದ ಥರ ಕಾಣತ್ತೆ, ಥಿಯೇಟರ್ ಥರ ಅಲ್ಲ.

ಉತ್ತರ: ಈ ಪ್ರಶ್ನೆ ಬಂದಿದ್ದಕ್ಕೆ ಖುಷಿ ಆಯ್ತು, ಯಾಕಂದ್ರೆ ಇಡೀ ಬೋರ್ಡಲ್ಲಿ ನನಗೆ ಇಷ್ಟದ ಭಾಗ ಇದೇ. ಬಲ್ಬು ಯಾವುದೂ ಓಡಲ್ಲ ಅಂತ ಎಲ್ರಿಗೂ ಗೊತ್ತು. ಹಳೇ ಕಾಲದಲ್ಲಿ ಬಲ್ಬುಗಳನ್ನ ಮೂರು ತಂಡ ಮಾಡ್ತಿದ್ರು, ಒಂದನೇದು, ನಾಲ್ಕನೇದು, ಏಳನೇದು ಒಂದು ತಂಡ, ಎರಡು, ಐದು, ಎಂಟು ಇನ್ನೊಂದು, ಹೀಗೆ. ಒಳಗೆ ಮೋಟಾರ್‌ನಿಂದ ತಿರುಗೋ ಒಂದು ಉರುಳೆ, ಅದು ಒಂದೊಂದು ತಂಡಕ್ಕೆ ಸರದಿಯಲ್ಲಿ ಕರೆಂಟ್ ಮುಟ್ಟಿಸೋದು. ಒಂದು ಆರಿ ಪಕ್ಕದ್ದು ಹತ್ತಿದಾಗ ನಮ್ಮ ಕಣ್ಣು, ಅಲ್ಲ ಮಿದುಳು, ಬೆಳಕೇ ಅಲ್ಲಿಂದ ಇಲ್ಲಿಗೆ ಜರುಗಿತು ಅಂದ್ಕೊಳತ್ತೆ. ಮ್ಯಾಕ್ಸ್ ವರ್ತೈಮರ್ ಅನ್ನೋ ಮನೋವಿಜ್ಞಾನಿ 1912ರಲ್ಲಿ ಈ ಥರದ ತೋರಿಕೆಯ ಚಲನೆ ಬಗ್ಗೆ ಬರೆದ್ರು. ಒಳಗೆ ಪರದೆ ಮೇಲೆ ಸೆಕೆಂಡಿಗೆ 24 ನಿಂತ ಚಿತ್ರ ತೋರಿಸಿ ಹೀರೋನ ಓಡಿಸ್ತಾರೆ, ಹೊರಗೆ ನಿಂತ ಬಲ್ಬುಗಳನ್ನ ಆರಿಸಿ ಹತ್ತಿಸಿ ಬೆಳಕನ್ನ ಓಡಿಸ್ತಾರೆ, ಎರಡೂ ಹೆಚ್ಚು ಕಡಿಮೆ ಒಂದೇ ಕಣ್ಕಟ್ಟು.

ಮನೆಗೆ ಈಗ ಮೋಟಾರ್ ಬೇಡ. ಒಂದೊಂದು ಬಲ್ಬನ್ನೂ ಬೇರೆ ಬೇರೆಯಾಗಿ ಆಡಿಸೋಕೆ ಬರೋ ಎಲ್‌ಇಡಿ ಸರ ಸಿಗತ್ತೆ, ಪಿಕ್ಸೆಲ್ ಎಲ್‌ಇಡಿ ಅಂತ ಕೇಳಿ. ಬುಲೆಟ್ ಆಕಾರದ್ದು, 12 ಎಂಎಂ ತೂತು ಕೊರೆದು ಹಿಂದಿಂದ ಒತ್ತಿದ್ರೆ ಟಕ್ ಅಂತ ಕಚ್ಚಿಕೊಳತ್ತೆ, ಸಾಮಾನ್ಯವಾಗಿ ಒಂದು ಸರಕ್ಕೆ 50. ಸಣ್ಣ ಕಂಟ್ರೋಲರ್ ಹಾಕಿದ್ರೆ ಆಯ್ತು, ಪ್ರೋಗ್ರಾಮಿಂಗ್ ಬರೋರು ಆರ್ಡುಯಿನೊ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡ್ ಹಾಕ್ಕೊಳ್ಳಿ.

ಇಲ್ಲೇ ನಾನು ಎಡವಿದ್ದು. ನನ್ನ ಚೌಕಟ್ಟು 70 ಬೈ 40, ಬಲ್ಬಿಗೆ ಬಲ್ಬು 5 ಸೆಂಟಿಮೀಟರ್, ಸುತ್ತಳತೆ 220, ಅಂದ್ರೆ 44 ಬಲ್ಬು. ಎಲ್ಲಾ ಕೊರೆದು ಹಾಕಿ ಓಡಿಸಿದೆ, ಮೂರು ಕಡೆ ಚೆನ್ನಾಗಿ ಓಡ್ತು, ಕೆಳಗಿನ ಎಡ ಮೂಲೆಗೆ ಬಂದ ತಕ್ಷಣ ಕಾಲು ಎಡವಿದ ಹಾಗೆ ಒಂದು ಜಿಗಿತ. ವೈರ್ ಲೂಸು ಅಂತ ಎರಡು ದಿನ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡಿದೆ. ಆಮೇಲೆ ಊಟಕ್ಕೆ ಕೂತಾಗ ಹೊಳೀತು, 44 ಮೂರರಿಂದ ಭಾಗ ಆಗಲ್ಲ! ಕೊನೇ ಬಲ್ಬಿಗೂ ಮೊದಲನೇ ಬಲ್ಬಿಗೂ ಸರದಿ ಕೂಡಿ ಬರ್ತಿಲ್ಲ. ಚೌಕಟ್ಟು 75 ಬೈ 45 ಮಾಡಿದ್ರೆ ಸುತ್ತಳತೆ 240, ಬಲ್ಬು 48, ಮೂರರಿಂದಾನೂ ಹೋಗತ್ತೆ ನಾಲ್ಕರಿಂದಾನೂ ಹೋಗತ್ತೆ, 75ಕ್ಕೂ 45ಕ್ಕೂ 5 ಸರಿಯಾಗಿ ಬೀಳೋದ್ರಿಂದ ನಾಲ್ಕು ಮೂಲೆಗೂ ಒಂದೊಂದು ಬಲ್ಬು ಕೂರತ್ತೆ, 50ರ ಸರದಲ್ಲಿ ಎರಡು ಮಿಕ್ಕತ್ತೆ. ಹೊಸ ಪ್ಲೈ ಕೊರೆದೆ. ಹಳೇದು ಈಗ ಶೂ ಸ್ಟ್ಯಾಂಡಿನ ಹಿಂಬದಿ ಆಗಿದೆ, 44 ತೂತಿನ ಸಮೇತ, ಗಾಳಿ ಚೆನ್ನಾಗಿ ಆಡತ್ತೆ.

ಪುಟ್ಟ ಎಲ್‌ಇಡಿ ತುದಿ ಬಲ್ಬಿನ ಥರ ಕಾಣಲ್ಲ ಅಂತ ಬೇಜಾರಾದ್ರೆ ಟೇಬಲ್ ಟೆನ್ನಿಸ್ ಚೆಂಡು ತನ್ನಿ. 40 ಎಂಎಂ ಗೋಲ, ಒಂದು ಕಡೆ ತೂತು ಮಾಡಿ ಎಲ್‌ಇಡಿ ಮೇಲೆ ಕೂರಿಸಿದ್ರೆ ಹಾಲುಬಣ್ಣದ ಗುಂಡು ಬಲ್ಬೇ. 5 ಸೆಂಟಿಮೀಟರ್ ಅಂತರದಲ್ಲಿ ಚೆಂಡಿಂದ ಚೆಂಡಿಗೆ 1 ಸೆಂಟಿಮೀಟರ್ ಜಾಗ ಉಳಿಯತ್ತೆ, ಅದು ಚೆಂದವೇ. ಆದ್ರೆ ಹಳೇ ಚೆಂಡು ಬಳಸ್ಬೇಡಿ, ಅವು ಸೆಲ್ಯುಲಾಯ್ಡ್, ಕಡ್ಡಿ ತಾಗಿಸಿದ್ರೆ ಭಗ್ ಅಂತ ಹತ್ತತ್ತೆ. ಹಳೇ ಕಾಲದ ಸಿನಿಮಾ ರೀಲ್ ಕೂಡ ಇದೇ ಜಾತಿಯದ್ದು, ಪ್ರೊಜೆಕ್ಟರ್ ರೂಮಿಗೆ ಅಷ್ಟು ಬೆಂಕಿ ಭಯ ಇದ್ದಿದ್ದು ಅದಕ್ಕೇ. ದೊಡ್ಡ ಪಂದ್ಯಗಳಲ್ಲಿ 2014ರಿಂದ ಬೇರೆ ಪ್ಲಾಸ್ಟಿಕ್ ಚೆಂಡು ಬಂದಿದೆ, ಹೊಸದು ಕೊಳ್ಳುವಾಗ ಸೆಲ್ಯುಲಾಯ್ಡ್ ಅಲ್ಲ ತಾನೇ ಅಂತ ಕೇಳಿ ತಗೊಳ್ಳಿ. ಹೊಸದಾದ್ರೂ ಎಲ್‌ಇಡಿ ಮೇಲೆ ಮಾತ್ರ, ಬಿಸಿ ಬಲ್ಬಿನ ಮೇಲೆ ಬೇಡವೇ ಬೇಡ.

ಪವರ್ ಲೆಕ್ಕ: 5 ವೋಲ್ಟ್ ಪಿಕ್ಸೆಲ್ ಪೂರ್ತಿ ಬಿಳಿ ಉರಿದ್ರೆ ಒಂದಕ್ಕೆ ಸುಮಾರು 60 ಮಿಲಿಆಂಪಿಯರ್, 48ಕ್ಕೆ 2.88 ಆಂಪಿಯರ್, 4 ಆಂಪಿಯರ್‌ನ ಸಪ್ಲೈ ಹಾಕಿ. ವೇಗ ಕಡಿಮೆ ಇಡಿ, ಸೋಫಾದಲ್ಲಿ ಕೂತು ಅರ್ಧ ಗಂಟೆ ನೋಡಿ ತಲೆ ಸುತ್ತದೇ ಇದ್ರೆ ಅದೇ ಸರಿಯಾದ ವೇಗ. ಎಲ್ಲಾ ಬಲ್ಬು ಒಟ್ಟಿಗೆ ಪಟಪಟ ಹತ್ತಿ ಆರೋ ಮೋಡ್ ಇರತ್ತೆ, ಅದನ್ನ ಹಾಕ್ಬೇಡಿ, ಮೂರ್ಛೆ ರೋಗ ಇರೋ ಕೆಲವರಿಗೆ ಅಂಥ ಮಿನುಗು ಅಪಾಯ.

ಪ್ರಶ್ನೆ: ನಿಜವಾದ ನಿಯಾನ್ ಟ್ಯೂಬ್ ಮನೇಲಿ ಬಗ್ಗಿಸಿ ಮಾಡ್ಬೋದಾ?

ಉತ್ತರ: ಬೇಡ. ಗಾಜು ಕಾಯಿಸಿ ಬಗ್ಗಿಸಿ, ಗಾಳಿ ಪೂರ್ತಿ ಎಳೆದು, ಅನಿಲ ತುಂಬಿಸಿ, ಸಾವಿರಾರು ವೋಲ್ಟ್ ಕೊಡೋ ಕೆಲಸ ಅದು, ವರ್ಷಗಟ್ಲೆ ಕಲಿತವರದ್ದು. ಜಾರ್ಜ್ ಕ್ಲೋಡ್ ಅನ್ನೋ ಫ್ರೆಂಚ್ ಎಂಜಿನಿಯರ್ 1910ರಲ್ಲಿ ಪ್ಯಾರಿಸ್‌ನ ಮೋಟಾರು ಪ್ರದರ್ಶನದಲ್ಲಿ ಮೊದಲು ಜನಕ್ಕೆ ತೋರಿಸಿದ್ದು. ಬಟ್ಟೆ ನೋಡೋರಿಗೆ ಜರಿ ಗೊತ್ತಾಗೋ ಹಾಗೆ ಬೋರ್ಡ್ ನೋಡೋರಿಗೆ ಒಂದು ವಿಷಯ: ಶುದ್ಧ ನಿಯಾನ್ ಬರೀ ಕೆಂಪು-ಕಿತ್ತಳೆ ಬಣ್ಣ ಕೊಡೋದು. ನೀಲಿ ಟ್ಯೂಬ್ ಒಳಗೆ ಇರೋದು ಆರ್ಗಾನ್, ಜೊತೆಗೆ ಚೂರು ಪಾದರಸ, ಒಡೆದ್ರೆ ಮನೇಲಿ ಅದೊಂದು ರಾಮಾಯಣ. ಸಿಲಿಕೋನ್ ಮೈಯ ಎಲ್‌ಇಡಿ ನಿಯಾನ್ ಹಗ್ಗ ಸಿಗತ್ತೆ, 12 ವೋಲ್ಟ್, ಅದು ಸಾಕು. ಹಳೇ ಥರ ಕಾಣ್ಬೇಕು ಅಂದ್ರೆ ಕಿತ್ತಳೆ ಮಿಶ್ರಿತ ಕೆಂಪು ಆರಿಸಿ, ಒಂದೇ ಬಣ್ಣ. ಗುಲಾಬಿ ನೇರಳೆ ಎಲ್ಲಾ ಸೇರಿಸಿದ್ರೆ ಮೊನ್ನೆ ತೆಗೆದ ಕಾಫಿ ಅಂಗಡಿ ಆಗತ್ತೆ.

ಪ್ರಶ್ನೆ: ಬೋರ್ಡ್ ಮಾಡಿದೆ ಸರ್, ಬೆಳಕೂ ಚೆನ್ನಾಗಿದೆ, ಆದ್ರೆ ತೀರಾ ಹೊಸದಾಗಿ ಕಾಣ್ತಿದೆ. ತುಕ್ಕು ಹಿಡಿದ ಹಾಗೆ ಮಾಡೋದು ಹೇಗೆ?

ಉತ್ತರ: ಹೇಳ್ತೀನಿ, ಆದ್ರೆ ಮೊದಲು ಬಯ್ತೀನಿ. ತುಕ್ಕು ಅಂದ್ರೆ ಹಳೇದು ಅಂತ ಯಾರು ಹೇಳಿದ್ದು? ಥಿಯೇಟರ್ ನಡೀತಿದ್ದಾಗ ಆ ಬೋರ್ಡನ್ನ ಏಣಿ ಹಾಕಿ ಒರೆಸ್ತಿದ್ರು, ಬಲ್ಬ್ ಹೋದ್ರೆ ಬದಲಾಯಿಸ್ತಿದ್ರು, ಅದು ಪಳಪಳ ಅನ್ಬೇಕಿತ್ತು, ಅದರ ಕೆಲಸಾನೇ ಅದು. ತುಕ್ಕು ಹಿಡಿದಿದ್ದು ಬಾಗಿಲು ಹಾಕಿದ ಮೇಲೆ. ನಿಮಗೆ ಬೇಕಿರೋದು ಓಡೋ ಟಾಕೀಸಾ, ಮುಚ್ಚಿದ ಟಾಕೀಸಾ ಅಂತ ತೀರ್ಮಾನ ಮಾಡಿ. ನನ್ನ ಓಟು ಓಡೋದಕ್ಕೆ.

ಆದ್ರೂ ಅಂಚು ಸ್ವಲ್ಪ ಸವೆದಿದ್ರೆ ಚೆಂದ, ಒಪ್ತೀನಿ. ಕೆಳಗಿನ ಬಣ್ಣ ಹೊಡೆದು ಒಣಗಿದ ಮೇಲೆ ಮೂಲೆಗಳಿಗೆ ಮೇಣದ ಬತ್ತಿ ಉಜ್ಜಿ, ಮೇಲಿನ ಬಣ್ಣ ಹೊಡೀರಿ, ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಆಡಿಸಿ, ಮೇಣ ಇದ್ದ ಕಡೆ ಮಾತ್ರ ಬಣ್ಣ ಕಿತ್ತು ಬರತ್ತೆ. ಬಿರುಕು ಬಿಟ್ಟ ಪೇಂಟ್ ಬೇಕು ಅಂದ್ರೆ ಎರಡು ಅಕ್ರಿಲಿಕ್ ಬಣ್ಣದ ಮಧ್ಯೆ ಬಿಳಿ ಮರದ ಗೋಂದು ಬಳಿದು, ಗೋಂದು ಇನ್ನೂ ಅಂಟಂಟು ಇರುವಾಗ್ಲೇ ಮೇಲಿನ ಬಣ್ಣ ಒಂದೇ ಏಟಿಗೆ ಎಳೀರಿ, ಎರಡು ಸಲ ಬ್ರಷ್ ಆಡಿಸಿದ್ರೆ ಕಲಸಿಹೋಗತ್ತೆ, ಒಣಗ್ತಾ ಒಣಗ್ತಾ ತಾನೇ ಸೀಳತ್ತೆ. ಗೋಂದು ದಪ್ಪ ಇದ್ರೆ ದೊಡ್ಡ ಬಿರುಕು, ತೆಳು ಇದ್ರೆ ಸಣ್ಣ. ತುಕ್ಕಿನ ಬಣ್ಣಕ್ಕೆ ಕಂದು ಮತ್ತು ಕಿತ್ತಳೆ, ಸ್ಪಂಜಿನ ತುಂಡಲ್ಲಿ ತಟ್ಟಿ. ಎಲ್ಲಿ ತಟ್ತೀರಿ ಅನ್ನೋದರಲ್ಲಿದೆ ಎಲ್ಲಾ. ನೀರು ಎಲ್ಲಿ ನಿಲ್ಲತ್ತೋ ಅಲ್ಲಿ ತುಕ್ಕು, ಅಂದ್ರೆ ಕೆಳಗಿನ ಅಂಚು, ಕಂಬಿ ಮೇಲ್ಭಾಗ, ಸ್ಕ್ರೂ ತಲೆ, ಸ್ಕ್ರೂನಿಂದ ಕೆಳಕ್ಕೆ ಇಳಿದ ಸಣ್ಣ ಗೆರೆ. ನಡು ಮಧ್ಯ ಒಂದು ಮಚ್ಚೆ ಹಾಕಿದ್ರೆ ಅದು ಸಾರು ಚೆಲ್ಲಿದ ಹಾಗೆ ಕಾಣತ್ತೆ ಅಷ್ಟೇ.

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸು. ರಟ್ಟಿನ ಡಬ್ಬದಲ್ಲಿ ಮಾಡ್ಬೋದಾ? ಮನೇಲಿ ಹಳೇ ಹಳದಿ ಬಲ್ಬು ಮೂರು ಇದೆ.

ಉತ್ತರ: ರಟ್ಟು ಆಗತ್ತೆ ಪುಟ್ಟಾ, ಆ ಬಲ್ಬು ಆಗಲ್ಲ. ಹಳೇ ತಂತಿ ಬಲ್ಬು ತಗೊಳ್ಳೋ ಕರೆಂಟಲ್ಲಿ ಬಹುಪಾಲು ಬಿಸಿಯಾಗೇ ಹೋಗತ್ತೆ, ಮುಚ್ಚಿದ ರಟ್ಟಿನ ಡಬ್ಬದಲ್ಲಿ ಇಟ್ರೆ ಮೊದಲು ಕಂದು ಆಗತ್ತೆ, ಆಮೇಲೆ ಹೊಗೆ. ಬ್ಯಾಟರಿ ಮೇಲೆ ನಡಿಯೋ ಎಲ್‌ಇಡಿ ತಂತಿ ಸರ ತಗೋ. ಮುಂದೆ ಅಕ್ರಿಲಿಕ್ ಬದಲು ಟ್ರೇಸಿಂಗ್ ಪೇಪರ್ ಎರಡು ಪದರ, ಒಳಗೆ ಬಿಳಿ ಹಾಳೆ ಅಂಟಿಸು, ಅಕ್ಷರ ಕಪ್ಪು ಚಾರ್ಟ್ ಪೇಪರ್ ಕಟ್ ಮಾಡಿ. ಕಟ್ಟರ್ ಹಿಡಿಯುವಾಗ ಸ್ಟೀಲ್ ಸ್ಕೇಲ್ ಇಟ್ಕೋ, ಬೆರಳು ಸ್ಕೇಲಿನ ಅಂಚಿಗೆ ಬರ್ಬಾರ್ದು. ಮಾಡಿದ ಮೇಲೆ ಫೋಟೋ ಕಳ್ಸು.

ಪ್ರಶ್ನೆ: ಬೋರ್ಡ್ ಹಾಕಿದ ದಿನದಿಂದ ಮನೇಲಿ ಜಗಳ. ಟಿವಿ ಪಕ್ಕ ಇದೆ, ಕಣ್ಣಿಗೆ ಕುಕ್ಕತ್ತೆ ಅಂತಾರೆ. ತೆಗೆದುಬಿಡ್ಲಾ?

ಉತ್ತರ: ತೆಗೀಬೇಡಿ, ಇಳಿಸಿ. ಥಿಯೇಟರ್ ಬೋರ್ಡು ರಸ್ತೆ ಆಚೆ ಬದಿಯವರಿಗೆ ಕಾಣ್ಲಿ ಅಂತ ಮಾಡಿದ್ದು, ನೀವು ಕೂರೋದು ಎರಡು ಮೀಟರ್ ದೂರದಲ್ಲಿ. ಅಡಾಪ್ಟರ್‌ಗೂ ಸ್ಟ್ರಿಪ್‌ಗೂ ಮಧ್ಯೆ 12 ವೋಲ್ಟ್‌ನ ಡಿಮ್ಮರ್ ಹಾಕಿ, ತಿರುಗಿಸೋ ಗುಂಡಿ ಇರೋದು. ಫ್ಯಾನಿನ ರೆಗ್ಯುಲೇಟರ್ ಹಾಕೋಕೆ ಹೋಗ್ಬೇಡಿ, ಅದು ಬೇರೆ ಸಂಸಾರ. ನಮ್ಮನೇದು ಕಾಲು ಭಾಗದಲ್ಲಿ ಉರಿಯತ್ತೆ, ಫೋಟೋ ತೆಗೆಯುವಾಗ ಮಾತ್ರ ಏರಿಸ್ತೀನಿ. ಟಿವಿ ಪಕ್ಕದಿಂದ ತೆಗೆದು ಹಿಂದಿನ ಗೋಡೆಗೆ ಹಾಕಿದ್ರೂ ಜಗಳ ಮುಗಿಯತ್ತೆ, ಆದ್ರೆ ಆಗ ಟಿವಿ ಗಾಜಿನಲ್ಲಿ ಉಲ್ಟಾ ಅಕ್ಷರ ಕಾಣತ್ತೆ, ಹೊಸ ಜಗಳ.

ಪ್ರಶ್ನೆ: ಎಷ್ಟು ಭಾರ ಬರತ್ತೆ, ಮೊಳೆ ತಡಿಯತ್ತಾ?

ಉತ್ತರ: ಮೇಲೆ ಹೇಳಿದ ಅಳತೆಯ ಅಕ್ರಿಲಿಕ್ ಒಂದೇ ಸುಮಾರು 640 ಗ್ರಾಂ, ಪ್ಲೈ ಎಲ್ಲಾ ಸೇರಿ ಮೂರ್ನಾಲ್ಕು ಕೆಜಿ ಅಂತಿಟ್ಕೊಳ್ಳಿ. ಒಂದು ಮೊಳೆಗೆ ದಾರ ಕಟ್ಟಿ ನೇತು ಹಾಕ್ಬೇಡಿ. ಒಂದು ಮರದ ಪಟ್ಟಿಯನ್ನ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಒಂದು ಅರ್ಧ ಗೋಡೆಗೆ ಎರಡು ಪ್ಲಗ್ಗು ಸ್ಕ್ರೂ ಹಾಕಿ ಬಿಗಿದು, ಇನ್ನೊಂದರ್ಧ ಪೆಟ್ಟಿಗೆ ಬೆನ್ನಿಗೆ. ಮೇಲಿಂದ ಇಳಿಸಿದ್ರೆ ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡು ಕೂರತ್ತೆ, ಭಾರ ಜಾಸ್ತಿ ಆದಷ್ಟೂ ಗೋಡೆಗೆ ಒತ್ಕೊಳತ್ತೆ, ಮಟ್ಟಸವಾಗೂ ಇರತ್ತೆ, ಧೂಳು ಹೊಡೆಯೋಕೆ ಎತ್ತಿದ್ರೆ ಕೈಗೆ ಬರತ್ತೆ. ಗೋಡೆ ಮತ್ತು ಪೆಟ್ಟಿಗೆ ಮಧ್ಯೆ ಆ ಪಟ್ಟಿಯ ದಪ್ಪದಷ್ಟು ಸಂದು ಬರತ್ತಲ್ಲ, ವೈರ್ ಅಲ್ಲೇ ಇಳಿಸಿ. ಕೊರೆಯೋ ಮುಂಚೆ ಗೋಡೆ ಒಳಗೆ ವೈರಿಂಗ್ ಎಲ್ಲಿ ಹೋಗಿದೆ ನೋಡ್ಕೊಳ್ಳಿ, ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಡ್ರಿಲ್ ಹಿಡೀಬೇಡಿ.

ಪ್ರಶ್ನೆ: ಹಾಲಿವುಡ್ ಅಂತ ಬೆಟ್ಟದ ಮೇಲಿನ ಬೋರ್ಡ್ ಥರ ಬಿಳಿ ಅಕ್ಷರ ನಿಲ್ಲಿಸಿದ್ರೆ ಹೇಗಿರತ್ತೆ? ಅದಕ್ಕೂ ಬಲ್ಬು ಹಾಕಿದ್ರೆ ತಪ್ಪಾ?

ಉತ್ತರ: ತಪ್ಪೇನಿಲ್ಲ, ನಿಜವಾದ್ದಕ್ಕೂ ಬಲ್ಬು ಇತ್ತು. 1923ರಲ್ಲಿ ಅದನ್ನ ನಿಲ್ಲಿಸಿದ್ದು ಸಿನಿಮಾಗಲ್ಲ, ಸೈಟು ಮಾರೋಕೆ! ಬಡಾವಣೆ ಜಾಹೀರಾತು, ಆಗ 'ಹಾಲಿವುಡ್‌ಲ್ಯಾಂಡ್' ಅಂತಿತ್ತು, ಸುಮಾರು 4000 ಬಲ್ಬು, 'ಹಾಲಿ', 'ವುಡ್', 'ಲ್ಯಾಂಡ್' ಅಂತ ತುಂಡು ತುಂಡಾಗಿ ಹತ್ತೋದು. 1949ರಲ್ಲಿ ಕೊನೆಯ 'ಲ್ಯಾಂಡ್' ತೆಗೆದ್ರು, ಈಗಿರೋದು 1978ರಲ್ಲಿ ಹೊಸದಾಗಿ ಕಟ್ಟಿದ್ದು. ನೀವು 20 ಸೆಂಟಿಮೀಟರ್ ಅಕ್ಷರ ಮಾಡಿ ಶೆಲ್ಫ್ ಮೇಲೆ ನಿಲ್ಲಿಸಿ, ಬೆಟ್ಟದ ಮೇಲಿನ ಹಾಗೆ ಒಂದು ಸ್ವಲ್ಪ ಮೇಲೆ ಒಂದು ಸ್ವಲ್ಪ ಕೆಳಗೆ, ನೇರ ಸಾಲಲ್ಲಿ ಬೇಡ. ಬಲ್ಬು ಕೂರಿಸುವಾಗ ಮೊದಲು ಅಕ್ಷರದ ತುದಿಗಳಿಗೆ, ಗೆರೆ ಗೆರೆ ಕೂಡೋ ಜಾಗಗಳಿಗೆ ಒಂದೊಂದು ಗುರುತು ಹಾಕಿ, ಆಮೇಲೆ ಮಧ್ಯದ ಉದ್ದವನ್ನ ಸಮ ಭಾಗ ಮಾಡಿ. ಒಂದು ತುದಿಯಿಂದ 3 ಸೆಂಟಿಮೀಟರ್‌ಗೆ ಒಂದು ಅಂತ ಕೊರಕೊಂಡು ಹೋದ್ರೆ ಇನ್ನೊಂದು ತುದಿಗೆ ಬರುವಾಗ ಅರ್ಧ ತೂತಿಗೆ ಜಾಗ ಇರತ್ತೆ. ಹಾಗಂತ ಹೇಳ್ತಿರೋನ ಮನೇಲೂ ಅಂಥ ಒಂದು ಅಕ್ಷರ ಇದೆ, ಅದರ ಕೊನೇ ತೂತು ಕಾಣ್ಬಾರ್ದು ಅಂತಾನೇ ಹೂದಾನಿ ಅಡ್ಡ ಇಟ್ಟಿರೋದು.